‘ನಿಮ್ಮ ಇಷ್ಟ’ ಎನ್ನುವುದು ವಿನಯವೇ?

ಕೆಲಸ ಸಿಗದೆ ಮರಳಿದ ಹುಡುಗನಿಗೆ ನಮ್ಮ ಹಿರಿಯರು ಹೇಳುವ ಮಾತು ಒಂದೇ: ‘ನಿನ್ನ ನಡತೆ ಸರಿಯಿರಲಿಲ್ಲ, ತಗ್ಗಿ ಬಗ್ಗಿ ಮಾತಾಡಬೇಕಿತ್ತು.’ ಈಗ ಇದಕ್ಕೆ ಆಟಿಟ್ಯೂಡ್ ಎಂಬ ಇಂಗ್ಲಿಷ್ ಹೆಸರೂ ಬಂದಿದೆ. ಚಾಕಣದ ಕಾರ್ಖಾನೆಗಳಿಗೆ ಆಳು ಒದಗಿಸುವ ಕಂತ್ರಾಟುದಾರನೂ ಇದನ್ನೇ ಹೇಳುತ್ತಾನೆ, ಹೋಟೆಲಿನ ಗಲ್ಲಾದ ಮೇಲೆ ಕುಳಿತ ಮಾಲಿಕನೂ ಇದನ್ನೇ ಹೇಳುತ್ತಾನೆ. ಸಂದರ್ಶನದಲ್ಲಿ ಕೈಯ ಕಸುಬಿಗಿಂತ ಮನೋಭಾವವೇ ದೊಡ್ಡದಂತೆ!

ನಾವು ಕೇಳುತ್ತೇವೆ: ಯಾರ ಮನೋಭಾವ?

ಗಲ್ಲಾದ ಮುಂದಿನ ಸಂದರ್ಶನ ಹೇಗಿರುತ್ತದೆಂದು ನಾವು ಬಲ್ಲೆವು. ಏಳನೆಯ ಇಯತ್ತೆ ಮುಗಿಸಿ ಪುಣೆಗೆ ಬಂದ ಹೊಸತರಲ್ಲಿ ನಾವೂ ಹಾಗೆ ನಿಂತವರೇ. ಊರು ಯಾವುದು? ಯಾರ ಪೈಕಿ? ಈ ‘ಯಾರ ಪೈಕಿ’ ಎಂದರೆ ಜಾತಿ ಯಾವುದೆಂದು. ಒಳಗೆ ಅಡಿಗೆಗೋ, ಹೊರಗೆ ಎಂಜಲು ತಟ್ಟೆಗೋ ಎಂಬುದು ಆ ಒಂದು ಪ್ರಶ್ನೆಯಲ್ಲೇ ತೀರ್ಮಾನ. ಕೊನೆಗೆ, ‘ಸಂಬಳ ಎಷ್ಟು ಬೇಕೋ?’ ನಾವು ತಲೆ ಕೆರೆದುಕೊಂಡು ‘ನಿಮ್ಮ ಇಷ್ಟ’ ಎಂದೆವು. ‘ಹುಡುಗ ಒಳ್ಳೆಯವನು’ ಎಂದರು. ಮೂರು ತಿಂಗಳು ಅವರ ಇಷ್ಟದಂತೆಯೇ ನಡೆಯಿತು: ಊಟ, ಮಲಗಲು ಬೆಂಚು, ಕೈಗೆ ಕಾಸಿಲ್ಲ. ಅಂದು ನಮ್ಮ ಜತೆಗೇ ನಿಂತಿದ್ದ ಕುಂದಾಪುರದ ಕಡೆಯ ಹುಡುಗ ‘ವಾರದ ರಜೆ ಯಾವತ್ತು?’ ಎಂದು ಕೇಳಿಬಿಟ್ಟ. ಅವನನ್ನು ಬೇಡವೆಂದರು. ಕಾರಣ, ನಡತೆ ಸರಿಯಿಲ್ಲ. ದೋಸೆಯ ಕಾವಲಿಯ ಮುಂದೆ ಅವನ ಕೈಗೆ ನಮ್ಮ ಕೈ ಸಾಟಿಯೇ ಅಲ್ಲ.

ಗಿರಣಿಯ ಬಾಂಧವರಿಗೆ ಈ ಕಥೆ ಹೊಸತಲ್ಲ. ಮುಂಬಯಿಯ ಗಿರಣಿಗಳ ಬಾಗಿಲಲ್ಲಿ ಒಂದು ಕಾಲಕ್ಕೆ ಜಾಬರನೇ ಸರ್ವಸ್ವ. ಅವನಿಗೆ ದಸ್ತೂರಿ ಕೊಟ್ಟವನು ಸಭ್ಯ, ಕೊಡದವನು ಉದ್ಧಟ. 1931ರಲ್ಲಿ ವಿಟ್ಲಿ ಆಯೋಗವು ಈ ಲಂಚವನ್ನು ತನ್ನ ವರದಿಯಲ್ಲಿ ಬಯಲಿಗೆಳೆದು, ಆಳು ನೇಮಿಸುವ ಅಧಿಕಾರ ಜಾಬರನ ಕೈಯಿಂದ ತಪ್ಪಬೇಕು, ಅದಕ್ಕೆ ಲೇಬರ್ ಆಫೀಸರು ಬೇಕು ಎಂದಿತು. 1935ರಲ್ಲಿ ಅಲ್ಲಿನ ಬದಲಿ ಕಾಮಗಾರರಿಗೆ ಕಾರ್ಡು ಕೊಡುವ ಕ್ರಮ ಬಂತು. ದಸ್ತೂರಿ ಅದರಿಂದ ಒಂದೇ ದಿನಕ್ಕೆ ಸಾಯಲಿಲ್ಲ, ನಿಜ. ಆದರೆ ಕಾರ್ಡಿದ್ದವನು ಜಾಬರನ ಮುಂದೆ ಹಲ್ಲು ಕಿರಿಯುವ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಯಿತು. ಕಾಮಗಾರನ ನಡತೆ ಮೊದಲಿನದೇ. ಬದಲಾದದ್ದು ಬಾಗಿಲಿನ ಕಾಯಿದೆ.

ಹಾಗೆಂದು ನಮ್ಮವರದು ಏನೂ ತಪ್ಪಿಲ್ಲವೇ? ಉಂಟು. ಹೊತ್ತಿಗೆ ಸರಿಯಾಗಿ ಹೋಗದವನು, ಹತ್ತು ಮಂದಿಯ ಸಾಂಬಾರು ಮಾಡಿ ಗೊತ್ತಿಲ್ಲದೆ ಐನೂರರ ಲೆಕ್ಕ ಹೇಳುವವನು, ಬಾಯ್ತುಂಬ ಎಲೆಯಡಿಕೆ ಇಟ್ಟುಕೊಂಡು ನಿಲ್ಲುವವನು, ಇವರ ಪರ ವಕಾಲತ್ತು ನಮ್ಮಿಂದಾಗದು. ಪುಣೆಯ ಅನ್ನ ತಿಂದು ಮರಾಠಿ ಕಲಿಯೆನೆನ್ನುವುದೂ ಸೊಕ್ಕೇ.

ಆದರೆ ಸಂಬಳ ಕೇಳುವುದು ಸೊಕ್ಕಲ್ಲ. ಕನಿಷ್ಠ ವೇತನದ ಕಾಯಿದೆ ಈ ದೇಶಕ್ಕೆ ಬಂದದ್ದು 1948ರಲ್ಲಿ. ಹೆಚ್ಚು ಹೊತ್ತು ದುಡಿದರೆ ಎರಡು ಪಟ್ಟು ಕೂಲಿ, ವಾರಕ್ಕೊಂದು ರಜೆ, ಇವು ಯಾರ ದಯೆಯೂ ಅಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಮೇಲೆ ನಮ್ಮ ತಕರಾರು ಬಹಳವಿದೆ, ಅದನ್ನು ಇನ್ನೊಮ್ಮೆ ಬರೆದೇವು. ಆದರೆ ಹತ್ತು ಮಂದಿ ದುಡಿಯುವಲ್ಲಿ ನೇಮಕದ ಪತ್ರ ಕೊಡಲೇಬೇಕೆಂದು ಅವೂ ಹೇಳುತ್ತವೆ. ಕಾಯಿದೆ ಕೊಟ್ಟದ್ದನ್ನು ಬಾಯಿಬಿಟ್ಟು ಕೇಳಿದವನ ನಡತೆ ಕೆಟ್ಟದ್ದಾಗುವುದು ಹೇಗೆ?

ಒಬ್ಬನೇ ಕೇಳಿದರೆ ಕುಂದಾಪುರದ ಹುಡುಗನಂತೆ ಹೊರಬೀಳುತ್ತಾನೆ, ಅದನ್ನೂ ಬಲ್ಲೆವು. ಅವನ ಹಿಂದೆ ನಿಂತ ನಾವು ‘ನಿಮ್ಮ ಇಷ್ಟ’ ಎಂದದ್ದರಿಂದಲೇ ಅವನು ಹೊರಬಿದ್ದದ್ದು. ಸಾಲಿನಲ್ಲಿ ನಿಂತ ಎಲ್ಲರೂ ಅದೇ ಪ್ರಶ್ನೆ ಕೇಳಿದ್ದರೆ ಮರುದಿನ ಬೆಳಿಗ್ಗೆ ಇಡ್ಲಿ ಇಳಿಸುವವರು ಯಾರು?

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಹುಡುಗರಿಗೆ ಕೊಡುವ ಶಿಫಾರಸು ಚೀಟಿಯಲ್ಲಿ ‘ವಿನಯಶೀಲ, ಹೇಳಿದಂತೆ ಕೇಳುವವನು’ ಎಂದು ಬರೆಯುವ ರೂಢಿ ಸಾಕು. ಅವನಿಗೆ ಬರುವ ಕೆಲಸ ಯಾವುದು, ಎಷ್ಟು ವರ್ಷ ಮಾಡಿದ್ದಾನೆ ಎಂದು ಬರೆಯಿರಿ. ಅದರ ಕೆಳಗೆ ಸಂಬಳದ ಅಂಕಿಯನ್ನೂ ಬರೆಯಿರಿ, ಎಲ್ಲರ ಚೀಟಿಯಲ್ಲೂ ಒಂದೇ ಅಂಕಿ.