ಏಸಾವನ ಹಸಿವು, ನಮ್ಮ ಔತಣ

ಬಳಲಿ ಬಂದ ಏಸಾವನು ಒಂದು ಹೊತ್ತಿನ ಬೇಳೆಯ ಅಡುಗೆಗಾಗಿ ತನ್ನ ಚೊಚ್ಚಲತನದ ಹಕ್ಕನ್ನೇ ಮಾರಿದ ಪ್ರಸಂಗವನ್ನು ಆದಿಕಾಂಡದಲ್ಲಿ ಓದುತ್ತೇವೆ. ಅವನ ಅವಿವೇಕಕ್ಕೆ ಮರುಗುತ್ತೇವೆ. ಆದರೆ ಆ ಪಾತ್ರೆಯನ್ನು ಮುಂದಿಟ್ಟುಕೊಂಡು ವ್ಯಾಪಾರ ಕುದುರಿಸಿದವನು ಅವನ ಒಡಹುಟ್ಟಿದ ತಮ್ಮನೇ ಎಂಬುದನ್ನು ಮರೆಯುತ್ತೇವೆ.

ಇಂದು ನಮ್ಮ ಮಕ್ಕಳ ಮುಂದೆ ಆ ಪಾತ್ರೆಯನ್ನಿಡುವವರು ಯಾರು? "ಸಹವಾಸ ದೋಷ, ಫಾದರ್, ಕಾಲವೇ ಕೆಟ್ಟಿದೆ" ಎನ್ನುತ್ತಾರೆ ತಂದೆತಾಯಿಗಳು. ನಾನು ಒಪ್ಪಲಾರೆ. ಜ್ಞಾನಸ್ನಾನ, ಪ್ರಥಮ ಪರಮಪ್ರಸಾದ, ಮದುವೆಗಳ ಔತಣದಲ್ಲಿ ಮದ್ಯವಿಲ್ಲದಿದ್ದರೆ ಮರ್ಯಾದೆ ಹೋಯಿತೆಂದು ಭಾವಿಸುವವರು ನಾವೇ. ಹದಿನಾಲ್ಕರ ಹುಡುಗನ ಕೈಗೆ ಲೋಟವಿತ್ತು, "ಒಂದು ಗುಟುಕಿಗೆ ಏನಾದೀತು? ಗಂಡಸಲ್ಲವೇ?" ಎಂದು ಬೆನ್ನು ತಟ್ಟುವವನು ಬೀದಿಯ ಪೋಕರಿಯಲ್ಲ, ಅವನ ಸೋದರಮಾವ. ಕೆಲವೊಮ್ಮೆ, ಅವನ ಜ್ಞಾನಸ್ನಾನದ ದಿನ ಸೈತಾನನನ್ನು ತ್ಯಜಿಸುತ್ತೇನೆಂದು ನುಡಿದ ಜ್ಞಾನತಂದೆ!

ಏನಾದೀತು? ಕೇಳಿ. ಹದಿಹರೆಯದಲ್ಲಿ ಸುಖವನ್ನರಸುವ ಮೆದುಳಿನ ಭಾಗಗಳು ಬೇಗನೆ ಚುರುಕಾಗುತ್ತವೆ. ಮುಂದಾಲೋಚಿಸಿ "ತಾಳು" ಎನ್ನುವ, ಹಣೆಯ ಹಿಂದಿನ ಭಾಗವು ಪಕ್ವವಾಗುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಹೊಳೆ ಮೊದಲು ಬರುತ್ತದೆ, ಕಟ್ಟೆ ಆಮೇಲೆ. ಗೆಳೆಯರು ನೋಡುತ್ತಿದ್ದರಂತೂ ಆತುರ ಇನ್ನೂ ಹೆಚ್ಚು. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 15 ತುಂಬುವ ಮೊದಲೇ ಕುಡಿಯತೊಡಗಿದವರಲ್ಲಿ ಸುಮಾರು ಶೇ. 40ರಷ್ಟು ಮಂದಿ ಬದುಕಿನ ಯಾವುದೋ ಹಂತದಲ್ಲಿ ಮದ್ಯವ್ಯಸನಕ್ಕೆ ಬಿದ್ದರು; 20ರ ನಂತರ ಆರಂಭಿಸಿದವರಲ್ಲಿ ಸುಮಾರು ಶೇ. 10 ಮಾತ್ರ. ಎಳೆಯ ವಯಸ್ಸೊಂದೇ ಕಾರಣವಲ್ಲ, ವಂಶ ಮತ್ತು ಮನೆಯ ವಾತಾವರಣವೂ ಸೇರಿವೆ ಎನ್ನುವಿರೋ? ಸರಿಯೇ. ಆದರೆ ಆ ಮನೆ ಯಾರದು?

2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ, ವೈದ್ಯರ ಸೂಚನೆಯಿಲ್ಲದೆ 18 ತುಂಬದವರಿಗೆ ಮದ್ಯ ಅಥವಾ ತಂಬಾಕು ಕೊಡುವವರಿಗೆ 7 ವರ್ಷಗಳವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಉಂಟು. ನಾವು ಅದನ್ನು ಅತಿಥಿಸತ್ಕಾರವೆನ್ನುತ್ತೇವೆ.

"ಕಾನಾ ಊರಿನ ಮದುವೆಯಲ್ಲಿ ಯೇಸುವೇ ದ್ರಾಕ್ಷಾರಸ ಕೊಡಲಿಲ್ಲವೇ?" ಕೊಟ್ಟರು. ಧರ್ಮಸಭೆಯು ದ್ರಾಕ್ಷಾರಸವನ್ನೇ ಪಾಪವೆಂದಿಲ್ಲ. ಮಿತಿಮೀರಿದ ಬಳಕೆಯನ್ನು ಖಂಡಿಸಿದೆ. ಆ ಸೂಚಕಕಾರ್ಯವು ಒಂದು ಮನೆಯ ಮಾನ ಉಳಿಸಿತು. ನಮ್ಮ ಲೋಟವು ಮನೆಯ ಮಗನನ್ನೇ ಕಳೆಯಬಲ್ಲದು.

ಈಗಾಗಲೇ ಜಾರಿದ ಮಗನನ್ನು ಹೊಡೆಯಬೇಡಿ, ಮರ್ಯಾದೆಗಂಜಿ ಮುಚ್ಚಿಡಲೂಬೇಡಿ. ವ್ಯಸನವು ಕಾಯಿಲೆ, ಜೊತೆಯಲ್ಲಿ ನಿಂತು ವೈದ್ಯರಲ್ಲಿಗೆ ಕರೆದೊಯ್ಯಿರಿ. ಉಳಿದವರು ಮುಂದಿನ ಔತಣವನ್ನು ಮದ್ಯವಿಲ್ಲದೆ ನಡೆಸುವ ಧೈರ್ಯ ಮಾಡಿ. ಆತುರಪಡುವುದು ಮಕ್ಕಳ ಸ್ವಭಾವ. ಅದಕ್ಕೆಂದೇ ದೇವರು ಅವರಿಗೆ ಹಿರಿಯರನ್ನು ಕೊಟ್ಟಿದ್ದಾರೆ. ನೆಂಟರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಮುನಿದ ನೆಂಟ ಮುಂದಿನ ಹಬ್ಬಕ್ಕೆ ಬಂದಾನು. ಮಾರಿಹೋದ ಹಕ್ಕು ಏಸಾವನಿಗೆ ಕಣ್ಣೀರಿಟ್ಟರೂ ಮರಳಲಿಲ್ಲ.