ವೈಸ್ ಪ್ರೆಸಿಡೆಂಟ್ ಅಂದ್ರೆ ಎಷ್ಟನೇ ಮೆಟ್ಟಿಲು?

ನಮ್ಮ ಹಾಸ್ಟೆಲ್ ವಿಂಗ್‌ನ ಒಬ್ಬನ ಅಣ್ಣ (ದೊಡ್ಡಪ್ಪನ ಮಗ) ಬೆಂಗಳೂರಿನಲ್ಲಿ ಒಂದು ಅಮೆರಿಕನ್ ಬ್ಯಾಂಕಿನಲ್ಲಿ ವೈಸ್ ಪ್ರೆಸಿಡೆಂಟ್ ಆದ. ಊರಲ್ಲಿ ಸಿಹಿ ಹಂಚಿದ್ದೇ ಹಂಚಿದ್ದು. ಅವರಜ್ಜ ಅಂತೂ ಇನ್ನೊಂದೇ ಮೆಟ್ಟಿಲು ಬಾಕಿ, ಆಮೇಲೆ ಇಡೀ ಬ್ಯಾಂಕಿಗೆ ಮೊಮ್ಮಗನೇ ಯಜಮಾನ ಅಂತ ನಂಬಿಬಿಟ್ಟಿದ್ದಾರೆ. ನಿಜ ಹೇಳೋ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಈ ಬ್ಯಾಂಕುಗಳ ಏಣಿ ಸಾಮಾನ್ಯವಾಗಿ ಹೀಗಿರುತ್ತೆ: ಅನಲಿಸ್ಟ್, ಅಸೋಸಿಯೇಟ್, ವೈಸ್ ಪ್ರೆಸಿಡೆಂಟ್, ಅದರ ಮೇಲೆ ಮ್ಯಾನೇಜಿಂಗ್ ಡೈರೆಕ್ಟರ್, ಅದರಾಚೆಗೆ ನಿಜವಾದ ಯಜಮಾನರು. ಅಂದ್ರೆ ವೈಸ್ ಪ್ರೆಸಿಡೆಂಟ್ ಮೂರನೇ ಮೆಟ್ಟಿಲು. ಒಂದೊಂದು ಬ್ಯಾಂಕಿನಲ್ಲಿ ಅಂಥವರು ಸಾವಿರಗಟ್ಟಲೆ.

ಮುಂದಿನ ವರ್ಷ ಇಂಥ ಬ್ಯಾಂಕುಗಳೇ ಪ್ಲೇಸ್‌ಮೆಂಟ್‌ಗೆ ಬರ್ತವೆ, ನಾವೂ ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು ಸಾಲಲ್ಲಿ ನಿಲ್ತೀವಿ. ಅದರಲ್ಲಿ ನಾಚಿಕೆ ಏನಿಲ್ಲ, ಪ್ಯಾಕೇಜ್ ಚೆನ್ನಾಗಿದೆ. 2004ರಲ್ಲಿ ಬೆಂಗಳೂರಿಗೆ ಬಂದ ಗೋಲ್ಡ್‌ಮನ್ ಸ್ಯಾಕ್ಸ್‌ಗೆ ಇವತ್ತು ನ್ಯೂಯಾರ್ಕ್ ಬಿಟ್ಟರೆ ಇಲ್ಲೇ ಅತಿ ದೊಡ್ಡ ಆಫೀಸು. ಕೆಳಗಿನ ಮೆಟ್ಟಿಲುಗಳಲ್ಲಿ ನಮ್ಮವರು ತುಂಬಿ ತುಳುಕ್ತಿದ್ದಾರೆ. ಮೇಲೆ?

ಮೇಲೆ ಅಂದ ತಕ್ಷಣ ಫ್ಯಾಮಿಲಿ ಗ್ರೂಪಿನಲ್ಲಿ 'ಜಗತ್ತನ್ನು ಆಳುತ್ತಿರುವ ಭಾರತೀಯರು' ಅನ್ನೋ ಫೋಟೋ ಫಾರ್ವರ್ಡ್ ಬರುತ್ತೆ. ಅಜಯ್ ಬಂಗಾ ಇರ್ತಾರೆ, ಮಾಸ್ಟರ್‌ಕಾರ್ಡ್ ನಡೆಸಿ 2023ರಲ್ಲಿ ವಿಶ್ವಬ್ಯಾಂಕಿನ ಅಧ್ಯಕ್ಷರಾದವರು. ಆದರೆ ಅಮೆರಿಕದ ಆರು ದೊಡ್ಡ ಬ್ಯಾಂಕುಗಳನ್ನೇ ತಗೊಳ್ಳಿ: ಜೆಪಿ ಮಾರ್ಗನ್, ಬ್ಯಾಂಕ್ ಆಫ್ ಅಮೆರಿಕ, ಸಿಟಿ, ವೆಲ್ಸ್ ಫಾರ್ಗೋ, ಗೋಲ್ಡ್‌ಮನ್, ಮಾರ್ಗನ್ ಸ್ಟಾನ್ಲಿ. ಇವುಗಳ ಸಿಇಒ ಕುರ್ಚಿಯಲ್ಲಿ ಕೂತ ಏಷ್ಯಾದ ಮೂಲದವರು ಒಬ್ಬರೇ, ವಿಕ್ರಂ ಪಂಡಿತ್. ನಾಗಪುರದಲ್ಲಿ ಹುಟ್ಟಿದವರು, ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ (ಇಇಇ ಬ್ರಾಂಚಿನವರು ಕಾಲರ್ ಎತ್ತಿಕೊಳ್ಳಬಹುದು). 2007ರ ಡಿಸೆಂಬರಿನಲ್ಲಿ, ಮಾರುಕಟ್ಟೆ ಕುಸೀತಾ ಇದ್ದಾಗ, ಸಿಟಿಗ್ರೂಪ್ ಅವರ ಕೈಗೆ ಬಂತು. 2012ರಲ್ಲಿ ಹೊರಬಂದರು. ಆಮೇಲೆ ಆ ಆರರಲ್ಲಿ ಇನ್ನೊಬ್ಬರಿಲ್ಲ.

ಇನ್ನೂ ತಮಾಷೆ ಎಚ್‌ಎಸ್‌ಬಿಸಿಯದ್ದು. ಹೆಸರಲ್ಲೇ ಹಾಂಕಾಂಗ್, ಶಾಂಘೈ ಎರಡೂ ಇವೆ. 1865ರಲ್ಲಿ ಶುರುವಾದ ಆ ಹಾಂಕಾಂಗ್ ಬ್ಯಾಂಕಿಗೆ ಮೊದಲ ಚೀನೀ ಅಧ್ಯಕ್ಷರಾಗಿ ವಿನ್ಸೆಂಟ್ ಚೆಂಗ್ ಬಂದಿದ್ದು 2005ರಲ್ಲಿ. 140 ವರ್ಷ!

ಯಾಕೆ ಹೀಗೆ? ಕೆಳಗಿನ ಮೆಟ್ಟಿಲುಗಳಲ್ಲಿ ಕೆಲಸ ನಮ್ಮ ಲ್ಯಾಬ್ ಎಕ್ಸಾಂ ಥರ. ಔಟ್‌ಪುಟ್ ಬಂತಾ, ಮಾರ್ಕ್ಸ್ ಬಂತು. ಮೇಲೆ ಹೋದಂತೆ ಪ್ರಶ್ನೆ ಬದಲಾಗುತ್ತೆ. ಗಿರಾಕಿಯನ್ನು ಯಾರು ತರ್ತಾರೆ? ಪ್ರಮೋಷನ್ ಮೀಟಿಂಗಿನಲ್ಲಿ, ನೀವಿಲ್ಲದ ಕೋಣೆಯಲ್ಲಿ, ನಿಮ್ಮ ಹೆಸರನ್ನು ಯಾರು ಎತ್ತುತ್ತಾರೆ? ತಲೆ ತಗ್ಗಿಸಿ ಕೆಲಸ ಮಾಡು, ತಾನಾಗೇ ಗುರುತಿಸ್ತಾರೆ ಅಂತ ನಮಗೆ ಮನೆಯಲ್ಲಿ ಹೇಳಿಕೊಟ್ಟಿದ್ದು ಮೂರನೇ ಮೆಟ್ಟಿಲವರೆಗೆ ಮಾತ್ರ ನಡೆಯುತ್ತೆ ಅನ್ಸುತ್ತೆ. ಅದೂ ಅಲ್ಲದೆ ಬೆಂಗಳೂರಿನಲ್ಲಿ ಸಿಗೋ ಕೆಲಸ ಬಹುಪಾಲು ಟೆಕ್ನಾಲಜಿ, ರಿಸ್ಕ್, ಆಪರೇಷನ್ಸ್. ಗಿರಾಕಿ ಇರೋದು ನ್ಯೂಯಾರ್ಕ್, ಲಂಡನ್ನಿನಲ್ಲಿ.

ಎಂಐಟಿಯ ಜಾಕ್ಸನ್ ಲು ಮತ್ತು ಜೊತೆಗಾರರು 2020ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಬರೀ ಬ್ಯಾಂಕುಗಳದ್ದಲ್ಲ, ಅಮೆರಿಕದ ಕಂಪನಿಗಳದ್ದು ಒಟ್ಟಾರೆ. ಅದರ ಪ್ರಕಾರ ಮೇಲಿನ ಹುದ್ದೆಗಳಿಗೆ ಏರೋದರಲ್ಲಿ ಹಿಂದೆ ಬಿದ್ದವರು ಪೂರ್ವ ಏಷ್ಯಾದವರು. ಭಾರತದ ಕಡೆಯವರು ಅಷ್ಟಲ್ಲ. ಪೂರ್ವಗ್ರಹ ನೋಡಿದರೆ ನಮ್ಮ ಮೇಲೇ ಜಾಸ್ತಿಯಂತೆ! ಹಾಗಾದರೆ ವ್ಯತ್ಯಾಸ ಎಲ್ಲಿ? ಮುಖ್ಯವಾಗಿ, ಮೀಟಿಂಗಿನಲ್ಲಿ ಮುನ್ನುಗ್ಗಿ ಮಾತಾಡೋದರಲ್ಲಿ.

ಇದನ್ನು ಓದಿ ಮೊದಲು ನಮಗೆ ಖುಷಿಯಾಯ್ತು, ಸುಳ್ಳು ಹೇಳಲ್ಲ. ಆಮೇಲೆ ನಮ್ಮದೇ ಮಾಕ್ ಜಿಡಿ ನೆನಪಾಗಿ ಮುಖ ಸಣ್ಣಗಾಯ್ತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ನಾಲ್ಕೈದು ಜನ ಹದಿನೈದು ನಿಮಿಷ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದೆವು. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿದ ಗೆಳೆಯನೊಬ್ಬ, ಮ್ಯಾಥ್ಸ್‌ನಲ್ಲಿ ನಮ್ಮೆಲ್ಲರನ್ನೂ ಪಾಸ್ ಮಾಡಿಸೋನು, ಎರಡು ಸಲ ಬಾಯಿ ತೆರೆದ. ಎರಡು ಸಲವೂ ನಾವೇ ಮಧ್ಯದಲ್ಲಿ ಕತ್ತರಿಸಿದೆವು. ಅವನ ಶೀಟಿನಲ್ಲಿ ಬಿದ್ದ ಕಾಮೆಂಟು: ಆತ್ಮವಿಶ್ವಾಸ ಕಡಿಮೆ. ಅವನು ಸುಮ್ಮನೆ ಕೂತಿದ್ದು ಅವನ ಗುಣ ಅಂತ ಬರೆದುಕೊಂಡರು. ನಾವು ಬಾಯಿ ಮುಚ್ಚಿಸಿದ್ದು ಯಾವ ಶೀಟಿನಲ್ಲೂ ಇಲ್ಲ.

ಅನ್ಶು ಜೈನ್ ನೆನಪಾಗೋದು ಇಲ್ಲೇ. ಜೈಪುರದಲ್ಲಿ ಹುಟ್ಟಿದವರು, ಲಂಡನ್ನಿನಲ್ಲಿ ಕೂತು ಡಾಯ್ಚ ಬ್ಯಾಂಕಿನ ಇನ್ವೆಸ್ಟ್‌ಮೆಂಟ್ ವಿಭಾಗ ಬೆಳೆಸಿದವರು. 2012ರಲ್ಲಿ ಯುರ್ಗನ್ ಫಿಚೆನ್ ಅವರ ಜೊತೆ ಜಂಟಿ ಸಿಇಒ ಆದಾಗ ಜರ್ಮನಿಯಲ್ಲಿ ಎದ್ದ ದೊಡ್ಡ ಪ್ರಶ್ನೆಗಳಲ್ಲೊಂದು, ಇವರಿಗೆ ಜರ್ಮನ್ ಬರುತ್ತಾ? 2015ರಲ್ಲಿ ಅವರು ರಾಜೀನಾಮೆ ಕೊಟ್ಟಿದ್ದಕ್ಕೆ ಭಾಷೆ ಕಾರಣ ಅಂತ ನಾವು ಹೇಳ್ತಿಲ್ಲ. ಬ್ಯಾಂಕಿನ ಮೇಲೆ ಭಾರಿ ದಂಡ ಬಿದ್ದಿತ್ತು, ಷೇರುದಾರರು ಸಿಟ್ಟಾಗಿದ್ದರು. ಆದರೆ ಇಂಗ್ಲಿಷಿನಲ್ಲಿ ಜಗತ್ತನ್ನೇ ಗೆದ್ದವರು ಕೂಡ ಕೋಣೆ ಬದಲಾದರೆ ಕನ್ನಡ ಮೀಡಿಯಂ ಹುಡುಗ ಆಗಿಬಿಡ್ತಾರೆ.

ನಮ್ಮ ಸುರತ್ಕಲ್‌ನಲ್ಲಿ, ಆಗಿನ ಕೆಆರ್‌ಇಸಿಯಲ್ಲಿ, ಮೆಕ್ಯಾನಿಕಲ್ ಓದಿದ ಕೆ.ವಿ. ಕಾಮತ್ ಐಸಿಐಸಿಐ ಕಟ್ಟಿ, 2015ರಲ್ಲಿ ಶಾಂಘೈನ ಬ್ರಿಕ್ಸ್ ಬ್ಯಾಂಕಿಗೆ ಮೊದಲ ಅಧ್ಯಕ್ಷರಾದರು. ಅವರು ಮೇಲೇರಿದ್ದು ಇಲ್ಲಿನ ಏಣಿಯಲ್ಲೇ. ಆ ದಾರಿಯೂ ಇದೆ ಅಂತ ಪ್ರೀ ಪ್ಲೇಸ್‌ಮೆಂಟ್ ಟಾಕ್‌ಗಳಲ್ಲಿ ಯಾರೂ ಹೇಳಲ್ಲ ಬಿಡಿ.

ಹೋದ ವಾರ ನಾವು ಕ್ಲಬ್ಬಿನ ಲೆಕ್ಕದಲ್ಲಿ ಒಂದು ಜಿಡಿ ಕನ್ನಡದಲ್ಲಿ ಇಟ್ಟೆವು. ವಿಷಯ ಚಿನ್ನದ ಸಾಲ. ಮೊದಲ ಐದು ನಿಮಿಷ ನಮ್ಮ ಬಾಯಿಂದ 'ಆಕ್ಚುಲಿ' ಬಿಟ್ಟರೆ ಬೇರೆ ಪದ ಹೊರಡಲಿಲ್ಲ. ಅದೇ ಗೆಳೆಯ, ಅವರಮ್ಮನ ಸರ ಬ್ಯಾಂಕಿನಲ್ಲಿ ಯಾವ ಲೆಕ್ಕದಲ್ಲಿ ಅಡವು ಕೂತಿದೆ, ವರ್ಷಕ್ಕೊಮ್ಮೆ ಬಡ್ಡಿ ಕಟ್ಟಿ ಸಾಲ ಹೊಸದು ಮಾಡಿಕೊಂಡರೆ ಅಸಲು ಯಾಕೆ ಕರಗಲ್ಲ ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದ. ಮಧ್ಯದಲ್ಲಿ ಒಬ್ಬರೂ ಬಾಯಿ ಹಾಕಲಿಲ್ಲ. ಮುಂದಿನದು ಶುಕ್ರವಾರ ಸಂಜೆ ಐದಕ್ಕೆ, ಸೆಮಿನಾರ್ ಹಾಲಿನಲ್ಲಿ. ವಿಷಯ ಅವನೇ ಆರಿಸ್ತಾನೆ.