ಜೇನಿನ ವಿಷದ ನಂಟು

ಕನಸಿನಲ್ಲಿ ಜೇನು ತಿಂದರೆ ಶುಭ ಎಂಬ ವಾಟ್ಸಾಪ್ ಸಂದೇಶವನ್ನು ಮೊನ್ನೆ ಗೆಳೆಯರೊಬ್ಬರು ದಾಟಿಸಿದರು. ಕೊನೆಗೆ ‘ನಮ್ಮ ಋಷಿಗಳು ಹೇಳಿದ್ದು’ ಎಂಬ ಮೊಹರು ಬೇರೆ. ಋಷಿಗಳು ಹೇಳಿದ್ದೇ ಬೇರೆ. ಐತರೇಯ ಆರಣ್ಯಕ ಸಾವು ಹತ್ತಿರವಾದವನ ಕನಸುಗಳನ್ನು ಪಟ್ಟಿ ಮಾಡುತ್ತದೆ: ಕರಿಹಲ್ಲಿನ ಕರಿಯ ಮನುಷ್ಯ, ಕೊಲ್ಲುವ ಹಂದಿ, ಮೈಮೇಲೆ ಹಾರುವ ಮಂಗ. ಅದೇ ಸಾಲಿನಲ್ಲಿ ಜೇನು ತಿನ್ನುವುದೂ ಇದೆ!

ಜೇನನ್ನು ಬರೀ ಸಿಹಿ ಮಾಡಿಟ್ಟವರು ನಾವು, ಹಳಬರಲ್ಲ. ಮಹಾಭಾರತದ ಸ್ತ್ರೀಪರ್ವದಲ್ಲಿ ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರನಿಗೆ ವಿದುರ ಒಂದು ಕಥೆ ಹೇಳುತ್ತಾನೆ. ಬಾವಿಯೊಳಗೆ ತಲೆಕೆಳಗಾಗಿ ಜೋತುಬಿದ್ದ ಒಬ್ಬ. ಕೆಳಗೆ ಹಾವು, ಮೇಲೆ ಆನೆ, ಹಿಡಿದ ಬಳ್ಳಿಯ ಮರವನ್ನು ಕಡಿಯುತ್ತಿರುವ ಇಲಿಗಳು. ಅವನಿಗೋ ಗೂಡಿನಿಂದ ತೊಟ್ಟಿಕ್ಕುವ ಜೇನಿನದೇ ಧ್ಯಾನ. ಎಷ್ಟು ನೆಕ್ಕಿದರೂ ಸಾಲದು. ಜೈನರೂ ಈ ಕಥೆಯನ್ನು ತಮ್ಮದಾಗಿಸಿಕೊಂಡರು. ಅವರಿಗೆ ಮದ್ಯ, ಮಾಂಸದ ಜೊತೆ ಮಧುವೂ ವರ್ಜ್ಯ. ನಮ್ಮ ಪಂಪನ ಧರ್ಮವೂ ಅದೇ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳಾದರೂ ನೆನಪಿಡಬೇಕು.

ಇನ್ನು ಔಷಧ. ಬೆಳಿಗ್ಗೆ ಎದ್ದು ಬಿಸಿನೀರಿಗೆ ಜೇನು ಬೆರೆಸಿ ಕುಡಿಯಿರಿ, ಆಯುರ್ವೇದ ಹೇಳಿದೆ ಎನ್ನುತ್ತಾರೆ. ಚರಕಸಂಹಿತೆಯ ಪ್ರಕಾರ ಬಿಸಿ ಮಾಡಿದ ಜೇನು ಕೊಲ್ಲುತ್ತದೆ, ಅದಕ್ಕೆ ವಿಷದ ನಂಟಿದೆ. ಆ ಮಾತು ಇಂದಿನ ಪ್ರಯೋಗಾಲಯದಲ್ಲಿ ನಿಲ್ಲುತ್ತದೆಯೇ ಎಂಬುದು ನನ್ನ ತಕರಾರಲ್ಲ. ಚರಕ ಬೇಡ ಎಂದದ್ದನ್ನೇ ಚರಕನ ಹೆಸರಲ್ಲಿ ಮಾರುತ್ತೀರಲ್ಲ, ಪುಟ ತಿರುಗಿಸಿ ನೋಡಿದ್ದೀರಾ?

ಹಾಗೆಂದು ಗ್ರಂಥದಲ್ಲಿದ್ದದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಹುಟ್ಟಿದ ಕೂಸಿನ ನಾಲಗೆಗೆ ಜೇನು-ತುಪ್ಪ ಮುಟ್ಟಿಸುವ ಜಾತಕರ್ಮವೂ ಗ್ರಂಥಗಳಲ್ಲೇ ಇದೆ. ಜೇನಿನಲ್ಲಿ ಕೆಲವೊಮ್ಮೆ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ದೊಡ್ಡವರು ಅರಗಿಸಿಕೊಳ್ಳುತ್ತಾರೆ, ಎಳೆಗೂಸಿನ ಕರುಳಿನಲ್ಲಿ ಅವು ಮೊಳೆತು ವಿಷ ಬಿಡಬಹುದು. ಸ್ನಾಯುಗಳು ಸೋಲುತ್ತವೆ, ಮಗು ಹಾಲು ಕುಡಿಯಲಾರದು, ಉಸಿರೂ ಕಟ್ಟಬಹುದು. ಅಪರೂಪ, ನಿಜ. ಆದರೂ ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ ಎನ್ನುತ್ತಾರೆ ವೈದ್ಯರು.

ನಮ್ಮ ಮನೆಯಲ್ಲೂ ಈ ಜಗಳ ಆಗಿದೆ. ‘ನಿನಗೂ ನೆಕ್ಕಿಸಿದ್ದೆ, ಸತ್ತೆಯೇನೋ?’ ಎಂದರು ಅಜ್ಜಿ. ನನ್ನಲ್ಲಿ ಉತ್ತರವಿರಲಿಲ್ಲ. ಜೇನಿನ ಬಟ್ಟಲನ್ನು ಮಾತ್ರ ಎತ್ತಿ ಅಟ್ಟದ ಮೇಲಿಟ್ಟೆ.